ಎಂಜಿಬಿ ಸೀಟು ಬಿಚ್ಚಿದೆ: ಹರಿದದ್ದು ಮೇಲೆ, ಹಾಳಾದದ್ದು ಕೆಳಗೆ

ಕಾರಿಂದ ಇಳಿದಾಗಲೆಲ್ಲ ಡ್ರೈವರ್ ಸೀಟಿನ ಕೆಳಗೆ ಚಿಟಿಕೆಯಷ್ಟು ಹಳದಿ ಪುಡಿ ಬಿದ್ದಿರುತ್ತಿತ್ತು. ಧೂಳು ಅಂದುಕೊಂಡು ಗುಡಿಸುತ್ತಿದ್ದೆ. ಒಂದು ದಿನ ಬೆರಳಲ್ಲಿ ತಿಕ್ಕಿ ನೋಡಿದೆ. ಮರದ ಹೊಟ್ಟಿನ ಹಾಗೆ ತರಿತರಿ, ಜೊತೆಗೆ ಸ್ವಲ್ಪ ಅಂಟು. ಅದು ಸೀಟಿನ ಫೋಮು. ನಾನು ಕೂತು ಎದ್ದಾಗಲೆಲ್ಲ ಒಳಗಿನ ಫೋಮು ಪುಡಿಯಾಗಿ ಉದುರುತ್ತಿತ್ತು.

ಕಾರು ಎರಡೇ ಸೀಟಿನ, ಮೇಲೆ ತೆರೆದ ಬ್ರಿಟಿಷ್ ಸ್ಪೋರ್ಟ್ಸ್ ಕಾರು: 1971ರ ಎಂಜಿಬಿ ರೋಡ್‌ಸ್ಟರ್. ಕಪ್ಪು ರೆಕ್ಸಿನ್ ಸೀಟು, ಬೆನ್ನಿನ ಭಾಗ ಹಿಂದಕ್ಕೆ ಒರಗುವ ಮಾದರಿ. ಬಾಗಿಲ ಪಕ್ಕದ ಉಬ್ಬಿನಲ್ಲಿ ಒಂದು ಗೇಣು ಉದ್ದ ಹೊಲಿಗೆ ಬಿಟ್ಟಿತ್ತು. ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಮೊದಲು ಹೋಗುವುದು ಇದೇ ಜಾಗ. ಕಾರು ಎಷ್ಟು ತಗ್ಗು ಅಂದರೆ, ಒಳಗೆ ಹೋಗುವಾಗ ನಾವು ಕೂರುವುದಿಲ್ಲ, ಬೀಳುತ್ತೇವೆ. ಮೊದಲು ಆ ಉಬ್ಬಿನ ಮೇಲೆ ಭಾರ ಬಿಟ್ಟು, ಆಮೇಲೆ ಒಳಕ್ಕೆ ಜಾರುತ್ತೇವೆ. ಐವತ್ತು ವರ್ಷ ಹೀಗೆ ಜಾರಿದರೆ ಯಾವ ಹೊಲಿಗೆ ತಾನೇ ನಿಲ್ಲುತ್ತದೆ?

ಹರಿದ ಕವರ್ ಬದಲಾಯಿಸಿದರೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಇನ್ನೊಂದು ವಿಷಯ ಕಾಡುತ್ತಿತ್ತು. ಒಂದು ಗಂಟೆ ಓಡಿಸಿದರೆ ಸೊಂಟದ ಒಂದೇ ಬದಿ ನೋಯುತ್ತಿತ್ತು. ಸ್ಟೀರಿಂಗ್ ಚಕ್ರದ ಮೇಲಂಚು ಕಣ್ಣಿಗೆ ಅಡ್ಡ ಬರುವಷ್ಟು ಮೇಲಿದೆ ಅನ್ನಿಸುತ್ತಿತ್ತು. ಚಕ್ರ ಮೇಲೆ ಬಂದಿರಲಿಲ್ಲ, ನಾನು ಕೆಳಗೆ ಹೋಗಿದ್ದೆ. ಟಾರ್ಚ್ ಹಿಡಿದು ಸೀಟಿನ ಅಡಿಗೆ ಇಣುಕಿದೆ. ಕೂರುವ ಭಾಗವನ್ನು ಹೊತ್ತುಕೊಂಡಿದ್ದ ರಬ್ಬರ್ ಹಾಳೆ ಬಾಗಿಲ ಕಡೆ ಮೂರು ಕೊಕ್ಕೆಗಳ ಹತ್ತಿರ ಹರಿದು ಜೋತು ಬಿದ್ದಿತ್ತು. ನನ್ನ ಭಾರ ಒಂದೇ ಪಕ್ಕಕ್ಕೆ ವಾಲಿ ಇಳಿಯುತ್ತಿತ್ತು. ಇದರ ಮೇಲೆ ಎಷ್ಟು ಚೆಂದದ ಕವರ್ ಹಾಕಿದರೂ ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ, ಅಲ್ವಾ?

ಬೇರೆ ಸೀಟು ಹಾಕಿಬಿಡೋಣ ಅನ್ನುವ ಯೋಚನೆಯೂ ಬಂತು. 1989ರಿಂದ 1997ರವರೆಗಿನ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಸೀಟನ್ನು ಎಂಜಿಬಿಗೆ ಹಾಕುವವರು ಬಹಳ ಜನ ಇದ್ದಾರೆ. ಅಗಲ ಕಡಿಮೆ, ಸೊಂಟವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಗೆಳೆಯನ ಹತ್ತಿರ ಒಂದು ಇತ್ತು, ತಂದು ಇಟ್ಟು ಕೂತು ನೋಡಿದೆ. ಸುಖವಾಗಿಯೇ ಇತ್ತು. ಆದರೆ ಸೀಟು ಹಿಂದೆ ಮುಂದೆ ಸರಿಯುವ ಕೆಳಗಿನ ಹಳಿ ಬದಲಾಯಿಸಬೇಕು, ನೆಲದಲ್ಲಿ ಹೊಸ ಆಧಾರ ಕಟ್ಟಬೇಕು. ಎಂಎಕ್ಸ್-5ರಲ್ಲಿ ಬೆಲ್ಟಿನ ಬಕಲ್ ಇರುವುದು ಸೀಟಿಗೇ. ಅಪಘಾತದಲ್ಲಿ ಆ ಎಳೆತವೆಲ್ಲ ಸೀಟಿನ ಬೋಲ್ಟಿಗೆ ಬರುತ್ತದೆ. ಎಂಜಿಬಿಯಲ್ಲಿ ಬಕಲ್ ಇರುವುದು ಟನೆಲ್, ಅಂದರೆ ಎರಡು ಸೀಟಿನ ನಡುವೆ ಉದ್ದಕ್ಕೆ ಉಬ್ಬಿದ ನೆಲದ ಬದಿಗೆ, ಸೀಟಿನ ಬೋಲ್ಟಿಗೆ ಆ ಹೊರೆ ಇಲ್ಲ. ಹಾಗಾಗಿ ಸುಮ್ನೆ ನಾಲ್ಕು ತೂತು ಕೊರೆದು ಕೂರಿಸುವ ಕೆಲಸ ಅದಲ್ಲ. ಅದಕ್ಕಿಂತ ಹೆಚ್ಚಾಗಿ, ಬಾಗಿಲು ತೆಗೆದ ಕೂಡಲೇ ಕಾಣುವ ಆ ಗೆರೆಗೆರೆ ಕಪ್ಪು ಸೀಟು ನನಗೆ ಬೇಕಿತ್ತು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು. ಅದರ ಪುಣ್ಯ, ಸೀಟಿನ ರಬ್ಬರ್ ಹಾಳೆ, ಅಚ್ಚಿನ ಫೋಮು, ಕವರ್ ಎಲ್ಲವೂ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಇಷ್ಟೆಲ್ಲ ಸಿಗುವಾಗ ಇರುವ ಸೀಟನ್ನೇ ಉಳಿಸಿಕೊಳ್ಳೋಣ ಅಂತ ತೀರ್ಮಾನ ಮಾಡಿದೆ.

ಮೊದಲ ಶನಿವಾರ: ನಾಲ್ಕು ಬೋಲ್ಟು

ಸೀಟು ನಿಂತಿರುವುದು ನಾಲ್ಕು ಬೋಲ್ಟಿನ ಮೇಲೆ. ಸೀಟನ್ನು ಪೂರ್ತಿ ಹಿಂದೆ ತಳ್ಳಿದರೆ ಮುಂದಿನ ಎರಡು ಸಿಗುತ್ತವೆ, ಪೂರ್ತಿ ಮುಂದೆ ಎಳೆದರೆ ಹಿಂದಿನ ಎರಡು. ಬೋಲ್ಟು ಇಂಚಿನ ಲೆಕ್ಕದ್ದು. ಅರ್ಧ ಇಂಚಿನ ತಲೆಗೆ 13 ಮಿ.ಮೀ. ಪಾನಾ ಕೂತಂತೆ ಕಾಣುತ್ತದೆ, ಆದರೆ ಅರ್ಧ ಇಂಚು ಅಂದರೆ 12.7 ಮಿ.ಮೀ. ಆ ಚೂರು ಸಡಿಲ ಸಾಕು, ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆದು ತಲೆ ಉರುಟಾಗುತ್ತದೆ. ಸರಿಯಾದ ಇಂಚಿನ ಸಾಕೆಟ್ಟನ್ನೇ ಬಳಸಿ.

ನಟ್ಟು ನೆಲದ ತಗಡಿಗೇ ಕೂರಿಸಿದ್ದು. ಬೋಲ್ಟಿನ ತುದಿ ಕಾರಿನ ಹೊಟ್ಟೆಯ ಕೆಳಗೆ ಹೊರಗೆ ಚಾಚಿಕೊಂಡಿರುತ್ತದೆ, ರಸ್ತೆಯ ಕೆಸರು ತಿಂದಿರುತ್ತದೆ. ಹಾಗೇ ತಿರುಗಿಸಿದರೆ ತುಕ್ಕು ಹಿಡಿದ ಆ ಮರೆಯನ್ನು (ಬೋಲ್ಟಿನ ಸುರುಳಿ ಗೆರೆಯನ್ನು) ನಟ್ಟಿನೊಳಗಿಂದ ಎಳೆದಂತಾಗಿ ನಟ್ಟೇ ಕಿತ್ತು ಬರುತ್ತದೆ. ಅದಕ್ಕೆ ಹಿಂದಿನ ದಿನವೇ ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಕೆಳಗಿಂದ ತಂತಿ ಬ್ರಶ್‌ನಲ್ಲಿ ಮರೆಗಳನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ. ಬೆಳಿಗ್ಗೆ ಮೊದಲು ಒಂದು ಚೂರು ಬಿಗಿ ಮಾಡಿ, ಟಕ್ ಅಂದ ಮೇಲೆ ಸಡಿಲ ಮಾಡಿದೆ. ಕಾಲು ಸುತ್ತು ಸಡಿಲ, ಮತ್ತೆ ಸ್ವಲ್ಪ ಬಿಗಿ, ಮತ್ತೆ ಸಡಿಲ. ನಾಲ್ಕಕ್ಕೆ ನಾಲ್ಕೂ ಬಂದವು. ಮುಕ್ಕಾಲು ಗಂಟೆ ಹಿಡಿಯಿತು, ಒಂದೂ ಮುರಿಯಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಹಳೇ ಕಾರು, ಸೀಟಿನಲ್ಲಿ ಏರ್‌ಬ್ಯಾಗ್ ಇಲ್ಲ. ನಿಮ್ಮ ಕಾರಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ಬಿಚ್ಚಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದ ಮೇಲೆಯೇ ವೈರಿಗೆ ಕೈ ಹಾಕಿ. ಆ ಬದಿಯ ಹೊಲಿಗೆಯನ್ನಂತೂ ಮನೆಯಲ್ಲಿ ಹೊಲಿಯಬೇಡಿ. ಬ್ಯಾಗ್ ಬಿಚ್ಚಿಕೊಳ್ಳುವಾಗ ಹರಿಯಲಿ ಅಂತಲೇ ಲೆಕ್ಕ ಹಾಕಿ ಹೊಲಿದ ಹೊಲಿಗೆ ಅದು.

ಸೀಟು ಎತ್ತಿದ ಮೇಲೆ ಹಳಿಯ ಅಡಿಯಲ್ಲಿ ಮರದ ಪಟ್ಟಿಗಳು ಕಂಡವು. ಎಂಜಿಬಿಯಲ್ಲಿ ಹಳಿ ಮತ್ತು ನೆಲದ ನಡುವೆ ಈ ಪಟ್ಟಿ ಇರಲೇಬೇಕು. ನನ್ನವು ನೀರು ಕುಡಿದು ಕೊಳೆತಿದ್ದವು, ಒಂದು ಕೈಯಲ್ಲೇ ಮುರಿಯಿತು. ಅದೇ ಅಳತೆಗೆ ಗಟ್ಟಿ ಮರದಲ್ಲಿ ಹೊಸದು ಕೊಯ್ದು, ತೂತಿನ ಒಳಗೂ ಬಿಡದೆ ಮೂರು ಕೋಟ್ ವಾರ್ನಿಶ್ ಹೊಡೆದೆ. ನೆಲದ ಮೇಲಿನ ತುಕ್ಕು ಮೇಲ್ಮೈಯಲ್ಲಷ್ಟೇ ಇತ್ತು. ಉಜ್ಜಿ ಬಣ್ಣ ಬಳಿದೆ.

ಬಿಚ್ಚುವುದು

ಪಕ್ಕದ ಸೀಟನ್ನು ಮುಟ್ಟಲಿಲ್ಲ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಒಳ್ಳೆಯ ತೀರ್ಮಾನ ಅದು. ಎರಡನ್ನೂ ಒಟ್ಟಿಗೆ ಬಿಚ್ಚಿದ್ದರೆ ಯಾವುದು ಎಲ್ಲಿತ್ತು, ಎಷ್ಟು ಬಿಗಿ ಇತ್ತು ಅಂತ ನೋಡಲು ಏನೂ ಉಳಿಯುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಜನ ಕೂತದ್ದೇ ಕಡಿಮೆ. ಅದು ಡ್ರೈವರ್ ಸೀಟಿನ ಕನ್ನಡಿ ಬಿಂಬ. ಎಡ ಬಲ ಅದಲುಬದಲು ಮಾಡಿಕೊಂಡರೆ ಬೇಕಾದ ಅಳತೆಯೆಲ್ಲ ಅಲ್ಲೇ ಸಿಗುತ್ತದೆ.

ಕವರ್ ಅಂಚನ್ನು ಚೌಕಟ್ಟಿನ ಕೊಳವೆಗೆ ಹಿಡಿದಿರುವುದು ಸ್ಟೀಲಿನ ಪುಟ್ಟ ಕ್ಲಿಪ್ಪುಗಳು. ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದರೆ ಚಿಮ್ಮುತ್ತವೆ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಪ್ರತಿ ಹಂತದಲ್ಲೂ ಫೋಟೋ ತೆಗೆದೆ. ಕ್ಲಿಪ್ಪು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಚೌಕಟ್ಟಿಗೆ ಬಣ್ಣದ ಪೆನ್ನಲ್ಲಿ ಚುಕ್ಕೆ ಇಟ್ಟೆ.

ಕವರ್ ಸರಿದ ಮೇಲೆ ಕಂಡದ್ದು ಇದು: ಒಳಬದಿಯ, ಅಂದರೆ ಟನೆಲ್ ಕಡೆಯ ಫೋಮು ಒತ್ತಿದರೆ ಇನ್ನೂ ಮೇಲೆದ್ದು ಬರುತ್ತಿತ್ತು. ಬಾಗಿಲ ಕಡೆಯದು ಕಂದು ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳು ಇಟ್ಟರೆ ಒಳಗೆ ಹೋಯಿತು, ತೆಗೆದಾಗ ಗುಂಡಿ ಹಾಗೇ ಉಳಿಯಿತು. ಪಾಲಿಯುರೆಥೇನ್ ಫೋಮು ಗಾಳಿ, ಬೆಳಕು, ತೇವಕ್ಕೆ ನಿಧಾನವಾಗಿ ಬಿರುಕು ಬಿಡುವ ವಸ್ತು. ಬಾಗಿಲ ಕಡೆ ಹೊಲಿಗೆ ಬಿಟ್ಟಿದ್ದರಿಂದ ಮೂರೂ ಅಲ್ಲಿ ಒಟ್ಟಿಗೆ ಸಿಕ್ಕಿವೆ. ಜೊತೆಗೆ ಚೌಕಟ್ಟಿನ ಕೊಳವೆ ಕೆಳಗಿಂದ ಉಜ್ಜಿದೆ. ಹೀಗೆ ಮೇಲಿಂದ ಕೆಳಗಿಂದ ಎರಡೂ ಕಡೆ ತಿನ್ನಿಸಿಕೊಂಡ ಫೋಮು ಅದು.

ಚೌಕಟ್ಟನ್ನು ಬೆತ್ತಲೆ ಮಾಡಿ ಉಜ್ಜಿದಾಗ ಹಿಂದಿನ ಮೂಲೆಯ ವೆಲ್ಡಿಂಗ್ ಹತ್ತಿರ ಕೂದಲೆಳೆಯ ಬಿರುಕು ಕಂಡಿತು. ಅದಕ್ಕೆ ಬೆಸುಗೆ ಹಾಕಿಸಿದೆ. ವೆಲ್ಡಿಂಗ್ ಮಾಡುವ ಮುಂಚೆ ಫೋಮು, ರಬ್ಬರ್, ಅಂಟು ಎಲ್ಲ ಪೂರ್ತಿ ತೆಗೆದಿರಬೇಕು. ಸುಟ್ಟ ಫೋಮಿನ ಹೊಗೆ ನಿಜವಾದ ವಿಷ.

ರಬ್ಬರ್ ಹಾಳೆ

ಹಳೇ ನವಾರದ ಮಂಚ ಜೋತು ಬಿದ್ದರೆ ಎಷ್ಟು ದಪ್ಪ ಹಾಸಿಗೆ ಹಾಕಿದರೂ ನಿದ್ದೆ ಬರುವುದಿಲ್ಲವಲ್ಲ, ಸೀಟೂ ಹಾಗೆಯೇ. ಕೂರುವವರ ಭಾರ ಹೊರುವುದು ಫೋಮು ಅಲ್ಲ, ಅದರ ಕೆಳಗಿನ ಹಾಳೆ. ಮೊದಮೊದಲ ಎಂಜಿಬಿಗಳಲ್ಲಿ ಈ ಜಾಗದಲ್ಲಿ ಪಿರೆಲಿ ರಬ್ಬರ್ ಪಟ್ಟಿಗಳು ಇದ್ದವು. ನನ್ನ ಕಾರಿನಂಥ ಆಮೇಲಿನವುಗಳಲ್ಲಿ ಸುತ್ತಲೂ ಕೊಕ್ಕೆ ಇರುವ ಒಂದೇ ರಬ್ಬರ್ ಹಾಳೆ. ಚೌಕಟ್ಟಿನಿಂದ ಚೌಕಟ್ಟಿಗೆ ಎಳೆದು ಕಟ್ಟಿದ ಜೋಲಿ ಇದ್ದ ಹಾಗೆ.

ಹೊಸ ಹಾಳೆ ಚೌಕಟ್ಟಿಗಿಂತ ಸಾಕಷ್ಟು ಚಿಕ್ಕದಾಗಿ ಕಾಣುತ್ತದೆ. ತಪ್ಪು ಹಾಳೆ ಬಂತೇನೋ ಅಂತ ನಾನು ಅಳೆದು ನೋಡಿದೆ. ತಪ್ಪಲ್ಲ, ಎಳೆದರೇ ಅದಕ್ಕೆ ಬಲ. ಒಂದು ಬಕೆಟ್ ಬಿಸಿ ನೀರಲ್ಲಿ ಹತ್ತು ನಿಮಿಷ ಮುಳುಗಿಸಿದೆ, ರಬ್ಬರ್ ಮೆದುವಾಯಿತು. ಮೊದಲು ಒಂದು ಬದಿಯ ಕೊಕ್ಕೆಗಳನ್ನು ಪೂರ್ತಿ ಹಾಕಿ ಎದುರು ಬದಿಗೆ ಹೋದೆ. ಕೊನೆಯ ಎರಡು ಕೊಕ್ಕೆ ಬರಲೇ ಇಲ್ಲ. ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ಈ ಸಲ ಮುಂದಿನ ನಡುವಿನದು, ಹಿಂದಿನ ನಡುವಿನದು, ಆಮೇಲೆ ಎಡದ್ದು, ಬಲದ್ದು, ಕೊನೆಗೆ ಮೂಲೆಗಳು. ಗಟ್ಟಿ ನೈಲಾನ್ ಹಗ್ಗದ ಕುಣಿಕೆಯನ್ನು ಕೊಕ್ಕೆಗೆ ಹಾಕಿ, ಚೌಕಟ್ಟಿಗೆ ಕಾಲು ಕೊಟ್ಟು ಎಳೆದೆ. ಇಕ್ಕಳದಲ್ಲಿ ರಬ್ಬರನ್ನು ಹಿಡಿದು ಎಳೆಯಬೇಡಿ. ಹಲ್ಲಿನ ಗಾಯ ಬಿದ್ದರೆ ಹರಿಯುವುದು ಅಲ್ಲಿಂದಲೇ.

ಹಾಳೆಯ ಮೇಲೆ ಗೋಣಿ ಬಟ್ಟೆಯ ಒಂದು ಪದರ ಹಾಸಿದೆ. ಇಲ್ಲದಿದ್ದರೆ ಕೊಕ್ಕೆಯ ತುದಿಗಳು ಹೊಸ ಫೋಮನ್ನು ಗೀರುತ್ತವೆ. ಹಳೇ ಫೋಮಿನ ಅಡಿಯಲ್ಲಿ ಸಾಲಾಗಿ ಮೂಡಿದ್ದ ಗೀರುಗಳನ್ನು ನೋಡಿದ ಮೇಲೆ ಇದನ್ನು ಬಿಡಲು ಮನಸ್ಸಾಗಲಿಲ್ಲ.

ಫೋಮು ಕೆತ್ತಿದ್ದು

ಕೂರುವ ಭಾಗಕ್ಕೆ ಹೊಸ ಅಚ್ಚಿನ ಫೋಮು ತರಿಸಿದೆ. ಬೆನ್ನಿನ ಭಾಗದಲ್ಲಿ ಬಾಗಿಲ ಕಡೆಯ ಉಬ್ಬು ಮಾತ್ರ ಹೋಗಿತ್ತು, ಅದನ್ನು ತುಂಡು ಸೇರಿಸಿ ಸರಿ ಮಾಡೋಣ ಅಂದುಕೊಂಡೆ.

ಹೊಸ ಫೋಮನ್ನು ಇಟ್ಟು, ಮೇಲೆ ಒಂದು ಹಲಗೆ ಹಾಕಿ ಕೂತೆ. ಪಕ್ಕದ ಸೀಟಿಗೆ ಹೋಲಿಸಿದರೆ ಇದು 3 ಸೆಂ.ಮೀ. ಎತ್ತರ! ಬಗ್ಗುತ್ತಲೂ ಇರಲಿಲ್ಲ. ಹೊಸ ಫೋಮು ದಿನ ಕಳೆದಂತೆ ಸ್ವಲ್ಪ ಕೂರುತ್ತದೆ ನಿಜ, ಆದರೆ 3 ಸೆಂ.ಮೀ. ಕೂರುವುದಿಲ್ಲ. ಇಂಥ ಕಾರಲ್ಲಿ ಅಷ್ಟು ಎತ್ತರವಾದರೆ ತಲೆ ಮೇಲಿನ ಮಡಚುವ ಬಟ್ಟೆಯ ಹುಡ್‌ಗೆ ತಾಗುತ್ತದೆ, ತೊಡೆ ಸ್ಟೀರಿಂಗಿಗೆ ತಾಗುತ್ತದೆ. ಕೆತ್ತಲೇಬೇಕು. ಕೆತ್ತುವುದು ಯಾವಾಗಲೂ ಕೆಳಗಿಂದ. ಮೇಲ್ಮೈಯ ಅಚ್ಚಿನ ಆಕಾರ ಒಮ್ಮೆ ಕೆಟ್ಟರೆ ಕೈಯಲ್ಲಿ ಮತ್ತೆ ತರಲು ಆಗುವುದಿಲ್ಲ. ಫೋಮನ್ನು ಮಗುಚಿ ಹಾಕಿ, 2 ಸೆಂ.ಮೀ. ಎತ್ತರದ ಎರಡು ಮರದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಗೆರೆ ಎಳೆದುಕೊಂಡೆ. ಹಲ್ಲಿನ ಉದ್ದ ಬ್ರೆಡ್ ಚಾಕುವಿನಿಂದ ನಿಧಾನವಾಗಿ ಗರಗಸದ ಹಾಗೆ ಕೊಯ್ದೆ. ಚಾಕುವಿಗೆ ಒತ್ತಡ ಕೊಟ್ಟರೆ ಫೋಮು ಅಮುಕಿಕೊಂಡು ಕೊಯ್ತ ಡೊಂಕಾಗುತ್ತದೆ. ಅದರ ಭಾರದಲ್ಲೇ ಇಳಿಯಲು ಬಿಡಬೇಕು. ಉಳಿದ 1 ಸೆಂ.ಮೀ. ತಾನೇ ಕೂರಲಿ ಅಂತ ಬಿಟ್ಟೆ.

ಬೆನ್ನಿನ ಉಬ್ಬಿನ ಕೆಲಸ ನನಗೆ ತುಂಬಾ ಹಿಡಿಸಿತು. ಪುಡಿಯಾಗುತ್ತಿದ್ದ ಭಾಗವನ್ನು ಗಟ್ಟಿ ಫೋಮು ಸಿಗುವವರೆಗೆ ಕೊಯ್ದು ತೆಗೆದೆ. ಅರೆಹಾಳಾದ ಫೋಮಿಗೆ ಅಂಟು ಹಾಕಿದರೆ ಅಂಟು ನಿಲ್ಲುತ್ತದೆ, ಫೋಮು ಕಿತ್ತು ಬರುತ್ತದೆ. ರಟ್ಟಿನ ತುಂಡನ್ನು ಪಕ್ಕದ ಸೀಟಿನ ಉಬ್ಬಿಗೆ ಆನಿಸಿ, ಅಂಚಿನ ಆಕಾರವನ್ನು ಬರೆದು ಕತ್ತರಿಸಿದೆ. ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಕಡೆ ಮೂರು ರಟ್ಟು. ಆ ರಟ್ಟುಗಳನ್ನು ಮಗುಚಿದರೆ ಡ್ರೈವರ್ ಸೀಟಿನ ಅಚ್ಚು ಸಿದ್ಧ. ಗಟ್ಟಿ ಸಾಂದ್ರತೆಯ ಫೋಮಿನ ತುಂಡನ್ನು ಬೇಕಾದ್ದಕ್ಕಿಂತ ದಪ್ಪವಾಗಿ ಇಟ್ಟುಕೊಂಡೆ. ಎರಡೂ ಮುಖಕ್ಕೆ ಕಾಂಟ್ಯಾಕ್ಟ್ ಅಂಟು ಸ್ಪ್ರೇ ಮಾಡಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿದೆ. ಒಮ್ಮೆ ತಾಗಿದರೆ ಮತ್ತೆ ಸರಿಸಲು ಬರುವುದಿಲ್ಲ, ಗುರುತು ಹಾಕಿಕೊಂಡೇ ಒತ್ತಬೇಕು. ಅಂಟು ಮೇಲ್ಮೈಗೆ 1 ಸೆಂ.ಮೀ. ಇರುವಾಗಲೇ ನಿಲ್ಲಬೇಕು, ಅಂಚಿನವರೆಗೆ ಬಂದರೆ ಗಟ್ಟಿಯಾಗಿ ಕವರ್ ಮೇಲೆ ಗೆರೆ ಏಳುತ್ತದೆ, ಬೆನ್ನಿಗೂ ಚುಚ್ಚುತ್ತದೆ.

ಮರುದಿನ ಮೊದಲು ಚಾಕು, ಆಮೇಲೆ ಮರದ ತುಂಡಿಗೆ ಸುತ್ತಿದ 80ರ ಉಜ್ಜುಕಾಗದ. ರಟ್ಟು ಇಟ್ಟು ನೋಡುವುದು, ಬೆಳಕು ನುಸುಳುವ ಕಡೆ ಬಿಟ್ಟು ತಾಗುವ ಕಡೆ ಉಜ್ಜುವುದು. ಮಾಸ್ಕ್ ಹಾಕಿಕೊಂಡೇ ಮಾಡಿ. ಸಂಜೆ ಹೊತ್ತಿಗೆ ಕಣ್ಣು ಮುಚ್ಚಿ ಎರಡೂ ಸೀಟಿನ ಉಬ್ಬನ್ನು ಒಟ್ಟಿಗೆ ಸವರಿದೆ. ಎಡಗೈಗೂ ಬಲಗೈಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಇದಕ್ಕೆ ಕಣ್ಣಿಗಿಂತ ಅಂಗೈಯೇ ಒಳ್ಳೆಯ ಅಳತೆಗೋಲು.

ಕವರ್: ಬೆನ್ನ ಹಿಂದಿನ ರೆಕ್ಸಿನ್

ಇಡೀ ಕವರ್ ಹೊಸದು ಹಾಕಬಹುದಿತ್ತು. ಆದರೆ ನಡುವಿನ ಗೆರೆಗೆರೆ ಭಾಗ ಇನ್ನೂ ಗಟ್ಟಿಯಾಗಿತ್ತು. ಹಾಳಾಗಿದ್ದು ಬಾಗಿಲ ಕಡೆಯ ಎರಡು ಪಟ್ಟಿ ಮಾತ್ರ. ತೊಂದರೆ ಏನೆಂದರೆ ಹೊಸ ರೆಕ್ಸಿನ್ ಎಷ್ಟೇ ಕಪ್ಪಿದ್ದರೂ ಹಳೇ ಕಪ್ಪಿನ ಪಕ್ಕ ಬೇರೆಯೇ ಕಾಣುತ್ತದೆ. ಹೊಳಪು ಬೇರೆ, ಮೇಲಿನ ಗೀರಿನ ವಿನ್ಯಾಸವೂ ಬೇರೆ. ನಾಲ್ಕು ಮಾದರಿ ತಂದು ಇಟ್ಟು ನೋಡಿದೆ, ನಾಲ್ಕೂ ತೇಪೆ ಹಾಕಿದ ಹಾಗೆಯೇ ಕಂಡವು.

ಆಮೇಲೆ ಬೆನ್ನಿನ ಕವರನ್ನು ಕೈಯಲ್ಲಿ ಹಿಡಿದು ತಿರುವಿ ಹಾಕುವಾಗ ಹೊಳೆಯಿತು. ಸೀಟಿನ ಹಿಂಭಾಗದ ಅಗಲವಾದ ಹಾಳೆ ಇದೆಯಲ್ಲ, ಅದೂ ಅದೇ ಹಳೇ ರೆಕ್ಸಿನ್. ಯಾರೂ ಅದರ ಮೇಲೆ ಕೂತಿಲ್ಲ, ಜಾರಿಲ್ಲ, ಬಿಸಿಲೂ ಅಷ್ಟಾಗಿ ಬಿದ್ದಿಲ್ಲ. ಮಡಚಿದರೆ ಬಿರುಕಿಲ್ಲದೆ ಮೆತ್ತಗೆ ಬಗ್ಗುತ್ತದೆ. ಎರಡೂ ಪಟ್ಟಿಗಳನ್ನು ಅದರಿಂದಲೇ ಕತ್ತರಿಸಿ, ಹಿಂಭಾಗಕ್ಕೆ ಹೊಸ ರೆಕ್ಸಿನ್ ಹಾಕಿದರೆ? ಹೊಸದು ಯಾರ ಕಣ್ಣಿಗೂ ಬೀಳದ ಕಡೆ ಹೋಗುತ್ತದೆ, ಹಳೆಯದು ಹಳೆಯದರ ಪಕ್ಕ ಬರುತ್ತದೆ. ಕಾರಿನ ಜೊತೆಯೇ ಬಂದ ಬಟ್ಟೆ ಕಾರಿನಲ್ಲೇ ಉಳಿಯುತ್ತದೆ. ಆ ಸಂಜೆ ಬೇರೇನೂ ಮಾಡದೆ ಅದನ್ನೇ ಅಳೆದು ಅಳೆದು ನೋಡಿದೆ. ಹೊಲಿಗೆಗೆ ಬಿಡುವ ಅಂಚೂ ಸೇರಿ ಎರಡು ಪಟ್ಟಿ ಸರಿಯಾಗಿ ಸಾಕಾಗುತ್ತಿತ್ತು.

ಬಿಚ್ಚುವ ಮುಂಚೆ ಪ್ರತಿ 5 ಸೆಂ.ಮೀ.ಗೆ ಹೊಲಿಗೆಯ ಎರಡೂ ಬದಿ ದಾಟುವ ಹಾಗೆ ಬೆಳ್ಳಿ ಬಣ್ಣದ ಪೆನ್ನಲ್ಲಿ ಅಡ್ಡ ಗೆರೆ ಹಾಕಿ ನಂಬರ್ ಕೊಟ್ಟೆ. ಹೊಲಿಯುವಾಗ 7ಕ್ಕೆ 7 ಕೂಡಿದರೆ ಬಟ್ಟೆ ಜಾರಿಲ್ಲ ಅಂತ ಅರ್ಥ. ಹಳೇ ದಾರ ಕೊಳೆತಿತ್ತು, ಕೈಯಲ್ಲಿ ಎಳೆದರೆ ತುಂಡಾಗುತ್ತಿತ್ತು. ಹರಿದ ಪಟ್ಟಿಯನ್ನೇ ಅಚ್ಚು ಮಾಡಿಕೊಳ್ಳಲು ಹೋಗಬೇಡಿ. ನನ್ನದು ಪಕ್ಕದ ಸೀಟಿನ ಪಟ್ಟಿಗಿಂತ 8 ಮಿ.ಮೀ. ಉದ್ದಕ್ಕೆ ಎಳೆದುಹೋಗಿತ್ತು. ಅದನ್ನೇ ನಂಬಿ ಕತ್ತರಿಸಿದ್ದರೆ ಹೊಸ ಉಬ್ಬಿನ ಮೇಲೆ ಸುಕ್ಕು ಖಂಡಿತ. ಪಕ್ಕದ ಸೀಟಿನ ಅಳತೆ ಹಿಡಿದು, ಹೊಲಿಗೆ ಗೆರೆಯಿಂದ 12 ಮಿ.ಮೀ. ಅಂಚು ಬಿಟ್ಟು ಕತ್ತರಿಸಿದೆ.

ದಾರ ಬಾಂಡೆಡ್ ಪಾಲಿಯೆಸ್ಟರ್, ಬಿಸಿಲಿಗೆ ಬೇಗ ಸಾಯುವುದಿಲ್ಲ. ಸೂಜಿ 18ನೇ ನಂಬರಿನದು. ಹೊಲಿಗೆಯ ಉದ್ದ 4 ಮಿ.ಮೀ. ಹತ್ತಿರ ಹತ್ತಿರ ಹೊಲಿದರೆ ಗಟ್ಟಿ ಅನ್ನಿಸುತ್ತದೆ, ರೆಕ್ಸಿನ್‌ಗೆ ಅದು ಉಲ್ಟಾ. ತೂತುಗಳು ಸಾಲಾಗಿ ಬಿದ್ದು ಅಂಚೆಚೀಟಿಯ ಅಂಚಿನ ಹಾಗೆ ಆ ಗೆರೆಯಲ್ಲೇ ಹರಿದುಕೊಳ್ಳುತ್ತದೆ. ಮನೆಯ ಹಳೇ ಕಬ್ಬಿಣದ ಮೆಷಿನ್ ಎರಡು ಪದರವನ್ನು ಆರಾಮಾಗಿ ಹೊಲಿಯಿತು. ಪೈಪಿಂಗ್ (ಹೊಲಿಗೆಯ ಗೆರೆಯಲ್ಲಿ ಸೇರಿಸುವ ದುಂಡು ಅಂಚುಪಟ್ಟಿ) ಸೇರಿ ನಾಲ್ಕು ಪದರ ಬಂದಾಗ ಮೇಲಿನ ಪದರ ಹಿಂದೆ ಉಳಿದು 7ಕ್ಕೆ 6 ಕೂಡತೊಡಗಿತು. ಆ ಭಾಗವನ್ನು ಮೇಲೂ ಕೆಳಗೂ ಒಟ್ಟಿಗೆ ಎಳೆಯುವ ವಾಕಿಂಗ್ ಫುಟ್ ಮೆಷಿನ್ ಇರುವ ಪರಿಚಯದವರಲ್ಲಿ ಕೂತು ಹೊಲಿದೆ. ಹಳೇ ತೂತು ಇದ್ದ ಕಡೆ ಮೋಟರ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, ಒಂದೊಂದು ತೂತಿಗೂ ಸೂಜಿ ಇಳಿಸಿದೆ. ಒಂದು ಮೊಳ ಹೊಲಿಯಲು ಅರ್ಧ ಗಂಟೆ.

ಏರಿಸುವುದು

ಮೊದಲ ಸಲ ಅವಸರ ಮಾಡಿದೆ. ಬೆಳಗಿನ ಚಳಿಯಲ್ಲೇ ಕವರನ್ನು ಎಳೆದೆ, ಮುಂದಿನ ಮೂಲೆಯಲ್ಲಿ 3 ಸೆಂ.ಮೀ. ಹೊಲಿಗೆ ಚರ್ ಅಂತ ಬಿಟ್ಟಿತು. ಬಿಚ್ಚಿ ಆ ತುಂಡನ್ನು ಮತ್ತೆ ಹೊಲಿದೆ. ಎರಡನೇ ಸಲ ಕವರನ್ನು ಒಂದು ಗಂಟೆ ಬಿಸಿಲಲ್ಲಿ ಹರಡಿ, ಫೋಮಿಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿದೆ. ಕವರ್ ಸುಲಭವಾಗಿ ಜಾರಿತು. ಆಮೇಲೆ ಚೀಲವನ್ನು ಕೆಳಗಿಂದ ಹರಿದು ಎಳೆದುಕೊಂಡೆ. ಒಳಗೆ ಬಿಟ್ಟರೆ ಕೂತಾಗಲೆಲ್ಲ ಪರಪರ ಸದ್ದು, ಬೆವರೂ ನಿಲ್ಲುತ್ತದೆ. ಮುಂದಿನ ಎರಡು ಮೂಲೆ, ಆಮೇಲೆ ಹಿಂದಿನ ನಡು, ಕೊನೆಗೆ ಪಕ್ಕಗಳು. ಮೊದಲ ದಿನ ಅರ್ಧ ಕ್ಲಿಪ್ಪು ಮಾತ್ರ. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಸುಕ್ಕುಗಳನ್ನು ಅಂಗೈಯಲ್ಲಿ ಅಂಚಿನ ಕಡೆಗೆ ಸವರಿ, ಉಳಿದ ಕ್ಲಿಪ್ಪು ಹಾಕಿದೆ.

ಹಳಿಗೆ ಗ್ರೀಸ್, ಹೊಸ ಮರದ ಪಟ್ಟಿ, ಅದೇ ಉದ್ದದ ಹೊಸ ಬೋಲ್ಟುಗಳು. ಮರೆಗೆ ತುಕ್ಕು ತಡೆಯುವ ತಾಮ್ರದ ಗ್ರೀಸ್ ಬಳಿದು, ನಾಲ್ಕನ್ನೂ ಮೊದಲು ಕೈಯಲ್ಲಿ ತಿರುಗಿಸಿ ಆಮೇಲೆ ಬಿಗಿ ಮಾಡಿದೆ. ಸೀಟನ್ನು ಮುಂದೆ ಹಿಂದೆ ಸರಿಸಿ, ಎರಡೂ ಹಳಿ ಒಟ್ಟಿಗೆ ಲಾಕ್ ಆಗುತ್ತವೆಯೇ ಅಂತ ನೋಡಿದೆ. ಒಂದೇ ಬದಿ ಲಾಕ್ ಆದ ಸೀಟು ಬ್ರೇಕ್ ಹಾಕಿದಾಗ ತಿರುಚಿಕೊಳ್ಳುತ್ತದೆ, ಇದನ್ನು ನೋಡದೆ ರಸ್ತೆಗೆ ಇಳಿಯಬೇಡಿ.

ಕೂತೆ. ಸ್ಟೀರಿಂಗ್ ಚಕ್ರದ ಮೇಲಿಂದ ಬಾನೆಟ್ಟಿನ ಎರಡೂ ಅಂಚು ಕಂಡವು. ಎಷ್ಟು ದಿನವಾಗಿತ್ತು ಅವುಗಳನ್ನು ನೋಡಿ! ಆವತ್ತೇ ಎರಡು ಗಂಟೆ ಓಡಿಸಿದೆ, ಸೊಂಟ ನೋಯಲಿಲ್ಲ. 200 ಕಿ.ಮೀ. ಆದ ಮೇಲೆ ಬೋಲ್ಟುಗಳಿಗೆ ಮತ್ತೆ ಪಾನಾ ಹಾಕಿದೆ. ಹೊಸ ಮರ ಅಮುಕಿಕೊಂಡಿದ್ದರಿಂದ ಮುಂದಿನ ಎರಡು ಬೋಲ್ಟು ಕಾಲು ಸುತ್ತು ಬಿಗಿಯಾದವು. ಫೋಮೂ ಬಿಟ್ಟಿದ್ದ ಆ 1 ಸೆಂ.ಮೀ.ನಲ್ಲಿ ಅರ್ಧದಷ್ಟು ಕೂತಿದೆ. ಕಾರ್ಪೆಟ್ ಮೇಲೆ ಪುಡಿ ಇಲ್ಲ. ಮುಂದಿನ ತಿಂಗಳು ಪಕ್ಕದ ಸೀಟನ್ನು ಬಿಚ್ಚುತ್ತೇನೆ. ಅದರ ರಬ್ಬರ್ ಹಾಳೆಯೂ ಅಷ್ಟೇ ಹಳೆಯದು. ಈ ಸಲ ಅಳತೆಗೆ ಡ್ರೈವರ್ ಸೀಟು ಇದೆ.